ಬುಟ್ಟಿ ಇಳಿಸಮ್ಮಾ ಅನ್ನುವವನು

ನಮ್ಮ ನೇಪಲ್ಸಿನಲ್ಲಿ ಪ್ರವಾಸಿಗರಿಗೆ ಬ್ಯಾಟರಿ ಸೈಕಲ್ ಕೊಟ್ಟು ಊರು ಸುತ್ತಿಸುವವರು ಬೇಕಾದಷ್ಟಿದ್ದಾರೆ, ಆದರೆ ಗಂಟೆಗಿಂತ ಗಂಟಲು ಜೋರಾಗಿರುವವನು ಕಾತೆಲ್ಲೊ ಒಬ್ಬನೇ. ಸಮುದ್ರದ ದಂಡೆಯಿಂದ ನಮ್ಮ ಓಣಿಯ ಏರು ಹತ್ತುವಾಗ, "ಹೆದರಬೇಡಿ, ಬೆವರೋದು ಬ್ಯಾಟರಿ, ನೀವಲ್ಲ!" ಅನ್ನುತ್ತಾನೆ. ಯಾವ ಚರ್ಚು ಕಂಡರೂ ತನ್ನಜ್ಜಿಯ ಮದುವೆ ಅಲ್ಲೇ ಆಗಿದ್ದು ಅನ್ನುತ್ತಾನೆ. "ಏ, ನಿಮ್ಮಜ್ಜಿಗೆ ಎಷ್ಟು ಜನ ಗಂಡಂದಿರೋ?" ಅಂತ ಮೀನು ಮಾರುವ ತಿತೀನಾ ಕೂಗಿದರೆ, "ಒಬ್ಬನೇ ಕಣಕ್ಕಾ, ಮರೆವು ಜಾಸ್ತಿ ಇತ್ತು!" ಅನ್ನುತ್ತಾನೆ. ಹತ್ತೂಕಾಲಿಗೆ ಸರಿಯಾಗಿ ನನ್ನ ಬಾಲ್ಕನಿ ಕೆಳಗೆ ನಿಂತು, "ದೊನ್ನಾ ಕಂಚೆತ್ತಾ, ಬುಟ್ಟಿ ಇಳಿಸಮ್ಮಾ!" ಅನ್ನುತ್ತಾನೆ. ನಾನು ಮೂರನೇ ಮಹಡಿಯಿಂದ ಹಗ್ಗ ಬಿಡುತ್ತೇನೆ. "ನೋಡಿ, ಹಿಂದಿನ ಕಾಲದ ಪದ್ಧತಿ, ಈ ಅಮ್ಮ ನಿಮಗೋಸ್ಕರ ಮಾಡಿ ತೋರಿಸ್ತಾರೆ" ಅನ್ನುತ್ತಾ ಅದರಲ್ಲಿ ಬ್ರೆಡ್ಡು, ಟೊಮೇಟೊ ಇಡುತ್ತಾನೆ. ಪ್ರವಾಸಿಗರು ಫೋಟೊ ಹೊಡೆಯುತ್ತಾರೆ. ಸೊಂಟ ಮುರಿದ ಮೇಲೆ ನಾನು ಮೆಟ್ಟಿಲು ಇಳಿದಿಲ್ಲ, ನನ್ನ ಊಟವೇ ಅದು ಅಂತ ಅವನಿಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಹೋದ ಸೋಮವಾರ ಅವನ ಯಜಮಾನರು ನಮ್ಮ ಓಣಿಯನ್ನು ಪ್ರವಾಸದ ದಾರಿಯಿಂದ ಕೈಬಿಟ್ಟರು, ಏರು ಬ್ಯಾಟರಿ ತಿನ್ನುತ್ತದಂತೆ. ಮಂಗಳವಾರ ಬುಟ್ಟಿಯನ್ನು ತೊಡೆ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಹತ್ತೂಕಾಲಿಗೆ ಕಾತೆಲ್ಲೊ ಬಂದ. ಪ್ರವಾಸಿಗರನ್ನು ಕೆಳಗೆ ಐಸ್‌ಕ್ರೀಮ್ ಅಂಗಡಿಯಲ್ಲಿ ಕೂರಿಸಿ, ಬ್ಯಾಟರಿ ಆರಿಸಿ, ಏರನ್ನೆಲ್ಲ ತುಳಿದೇ ಬಂದಿದ್ದ. ಉಸಿರು ಸಿಗುತ್ತಿರಲಿಲ್ಲ. ಆದರೂ ಖಾಲಿ ಓಣಿಯ ಕಡೆ ತಿರುಗಿ, ಕೈ ಚಾಚಿ, "ನೋಡಿ, ಈ ಅಮ್ಮ ನಿಮಗೋಸ್ಕರ ಮಾಡಿ ತೋರಿಸ್ತಾರೆ" ಅಂತ ಪೂರ್ತಿ ಹೇಳಿ ಮುಗಿಸಿದ ಮೇಲೆಯೇ ನಾನಿಳಿಸಿದ ಬುಟ್ಟಿಯಲ್ಲಿ ಬ್ರೆಡ್ಡು ಇಟ್ಟ.