ರೈ ಹಿಟ್ಟಿಗೆ ರಾಗಿಯ ಕೈ

ಪರದೇಶದ ಕೆನ್ಮೋರ್ ಊರಿನ ಸರೋವರದ ಮೇಲಿನ ಮಂಜು ಇನ್ನೂ ಸರಿದಿಲ್ಲ. ಬೇಕರಿಯ ಒಳಗೆ ಮೈಸೂರಿನ ರುಮಾನಾ ಕೈಕಟ್ಟಿ ನಿಂತಿದ್ದಾರೆ. ಎದುರಿನ ಹಲಗೆಯ ಮೇಲೆ ನಿನ್ನೆ ಬೇಯಿಸಿದ, ಗೋಧಿಯಂಥದ್ದೇ ಧಾನ್ಯವಾದ ರೈಯ ಬ್ರೆಡ್ ಇದೆ. ಅದನ್ನು ಬಿಸಿಯಾಗಿ ಕೊಯ್ಯುವಂತಿಲ್ಲ, ರಾತ್ರಿಯಿಡೀ ಆರಬೇಕು. ಬ್ರೆಡ್ಡೇನೋ ಆರಿದೆ, ರುಮಾನಾಗೆ ಮಾತ್ರ ನಿದ್ದೆ ಹತ್ತಿಲ್ಲ.

ಹತ್ತುವುದಾದರೂ ಹೇಗೆ? ಪ್ಯಾಕಿಂಗ್ ಮಾಡುತ್ತಿದ್ದ ಇವರನ್ನು ಮಾಲೀಕ ಫ್ರಾನ್ಸಿಸ್, ಹಳೆಯ ಬೇಕರ್ ಬಿಟ್ಟುಹೋದ ಮೇಲೆ, ಹಿಟ್ಟಿನ ಮೇಜಿಗೆ ಕರೆತಂದದ್ದೇ ರೈ ಬ್ರೆಡ್ಡಿಗಾಗಿ. ಇಂದು, ಈ ಶನಿವಾರವೂ ಬ್ರೆಡ್ ಕೆಟ್ಟಿದ್ದರೆ ರೈ ಬಂದ್. ರುಮಾನಾ ಮತ್ತೆ ಪ್ಯಾಕಿಂಗ್‌ಗೆ.

ಗೋಡೆಯುದ್ದಕ್ಕೂ ಯುರೋಪಿನ ಹಿಟ್ಟಿನ ಮೂಟೆಗಳಿವೆ. ಪಿಜ್ಜಾ, ಪಾಸ್ತಾಗಳಿಗೆ ಪೌಡರಿನಷ್ಟು ನುಣ್ಣಗಿರುವ ಇಟಲಿಯ ‘00’. ಪದರ ಪದರದ ಬೆಣ್ಣೆ ತಿಂಡಿ ಕ್ರಾಸಾಂಗೆ ಫ್ರಾನ್ಸಿನ 55, ದಿನದ ಬ್ರೆಡ್ಡಿಗೆ 65. ಕೇಕಿಗೆ ಜರ್ಮನಿಯ 405, ಕಂದು ಬ್ರೆಡ್ಡಿಗೆ 1050.

“ನಂಬರ್ ದೊಡ್ಡದಿದ್ರೆ ಮಾಲು ಒಳ್ಳೇದು ಅಂದ್ಕೊಂಡಿದ್ದೆ,” ಎಂದು ರುಮಾನಾ ನಗುತ್ತಾರೆ. “ಫ್ರಾನ್ಸು, ಜರ್ಮನಿ ಹಿಟ್ಟಲ್ಲಿ ಅದು ಬೂದಿ ಲೆಕ್ಕ. ಹಿಟ್ಟು ಸುಟ್ಟು ಎಷ್ಟು ಬೂದಿ ಉಳಿಯತ್ತೆ ಅಂತ ನೋಡ್ತಾರೆ. ನಂಬರ್ ಏರಿದಷ್ಟೂ ಹೊಟ್ಟು ಜಾಸ್ತಿ, ಬಣ್ಣ ಗಾಢ.”

ರೈ ಹಿಟ್ಟಿನ ಕಂದು ಬಣ್ಣವೇ ಇವರನ್ನು ಯಾಮಾರಿಸಿತು. ಚಪಾತಿ ಹಿಟ್ಟಿನ ಹಾಗೇ ಕಾಣುತ್ತದಲ್ಲ ಎಂದು ಚಪಾತಿಗೆ ನಾದುವಂತೆ ನಾದಿದರು. ಅಂಟಿದಾಗಲೆಲ್ಲ ಒಣಹಿಟ್ಟು ಉದುರಿಸಿದರು. ಒಲೆಯಿಂದ ಹೊರಬಂದದ್ದು ಕಲ್ಲು! ಫ್ರಾನ್ಸಿಸ್ ನಗುತ್ತಾ ಅದನ್ನು ಹಿಂಬಾಗಿಲಿಗೆ ಅಡ್ಡವಿಟ್ಟರು. ರುಮಾನಾ ನಗಲಿಲ್ಲ. ನೆಲದಿಂದ ಎತ್ತಿ, ಕಣ್ಣಿಗೊತ್ತಿಕೊಂಡು, ಮೇಲಿನ ಶೆಲ್ಫಿನಲ್ಲಿಟ್ಟರು. “ರೊಟ್ಟಿ ಕಾಲಡಿ ಇರಬಾರ್ದು ಅಣ್ಣ,” ಎಂದಷ್ಟೇ ಹೇಳಿದರು. ಅವಮಾನ ಮಾತ್ರ ಎದೆಯಲ್ಲೇ ಉಳಿಯಿತು.

ಕಳೆದ ಭಾನುವಾರ ಮನೆಯಲ್ಲಿ ಒದ್ದೆ ಕೈಯಲ್ಲಿ ರಾಗಿ ರೊಟ್ಟಿ ತಟ್ಟುತ್ತಿದ್ದಾಗ ತಲೆಗೆ ಹೊಳೆಯಿತು. “ರಾಗಿನ ಯಾರಾದ್ರೂ ಚಪಾತಿ ಥರ ಎಳೆದು ನಾದ್ತಾರಾ? ರೈನೂ ಅಷ್ಟೇ, ಎಳೆದ್ರೆ ಬರಲ್ಲ. ನೀರು ಜಾಸ್ತಿ ಬೇಕು, ಒದ್ದೆ ಕೈಯಲ್ಲಿ ಮೆಲ್ಲಗೆ ತಟ್ಬೇಕು.” ನಿನ್ನೆ ಹಾಗೇ ಮಾಡಿದ್ದಾರೆ.

ಫ್ರಾನ್ಸಿಸ್ ಚಾಕು ತರುತ್ತಾರೆ. ಮಂಗಳೂರಿನ ಈ ಮಾತುಗಾರ ಮೊದಲು ಕೊಯ್ಯುತ್ತಾರೆ, ಮೂಸುತ್ತಾರೆ, ಅಗಿಯುತ್ತಾರೆ. ರುಮಾನಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ.

“ಚಾಕುವಿಗೆ ಅಂಟಲೇ ಇಲ್ಲ ಮಾರಾಯ್ತಿ! ಲಾಯಕ್ಕುಂಟು. ಸೋಮವಾರದಿಂದ ಈ ಮೇಜು ನಿಮ್ಮದೇ.”

ರುಮಾನಾರ ಕಣ್ಣು ತುಂಬಿ ಬರುತ್ತದೆ. ಒರೆಸಿಕೊಂಡವರೇ ಒಂದು ಆಸೆ ಮುಂದಿಡುತ್ತಾರೆ. “ಈದ್‌ಗೆ ಆ ಫ್ರಾನ್ಸಿನ 55 ಹಿಟ್ಟಲ್ಲಿ ನಮ್ಮೂರ ಕೊಬ್ಬರಿ ಹೂರಣದ ದಿಲ್‌ಪಸಂದ್ ಮಾಡ್ಲಾ ಅಣ್ಣ?”

“ಮಾಡಿ, ಮಾಡಿ. ಮೊದಲು ಆ ಕಲ್ಲನ್ನು ಬಿಸಾಡುವ,” ಎಂದು ಫ್ರಾನ್ಸಿಸ್ ಶೆಲ್ಫಿಗೆ ಕೈ ಚಾಚುತ್ತಾರೆ.

ರುಮಾನಾ ಅಡ್ಡ ನಿಲ್ಲುತ್ತಾರೆ. “ಇರ್ಲಿ ಅಣ್ಣ. ಅದೂ ನಾನ್ ಮಾಡಿದ್ ರೊಟ್ಟಿನೇ.”