ಕುದುರೆಕೊರಳು ಮತ್ತು ಇರ್ಮಾಳ ಸ್ಲೆಡ್

ಇರ್ಮಾ ಕೊಸ್ಕೆಲಾ ನಮ್ಮೂರಿನ ಶಾಲೆಯ ಅಡುಗೆಯವಳು. ಮಕ್ಕಳಿಗೆಲ್ಲ ಸಾಕಾಗುವಷ್ಟು ಆಲೂಗಡ್ಡೆ ಬೇಯುವ ಪಾತ್ರೆಯನ್ನು ಒಲೆಯಿಂದ ಒಬ್ಬಳೇ ಇಳಿಸುತ್ತಾಳೆ, ಯಾರಾದರೂ ಕೈ ಕೊಡಲು ಬಂದರೆ ಬೈಯುತ್ತಾಳೆ. ಆದರೆ ಆಳು ಕುಳ್ಳಿ. ಮೇಲಿನ ಕಪಾಟಿನಿಂದ ಉಪ್ಪಿನ ಚೀಲ ತೆಗೆಯಲು ಅವಳಿಗೆ ಸ್ಟೂಲು ಬೇಕು. ಕಳೆದ ಚಳಿಗಾಲದ ಕೊನೆಯಲ್ಲಿ ಅವಳಲ್ಲಿ ಒಂದು ಬದಲಾವಣೆ ಕಂಡಿತು. ಹೊರಗೆ ಯಾರಾದರೂ ಸ್ಲೆಡ್, ಅಂದರೆ ಹಿಮದ ಮೇಲೆ ಓಡಿಸುವ ಮೋಟಾರು ಬಂಡಿ, ಶುರು ಮಾಡಿದರೆ ಅವಳ ಕೈಯಲ್ಲಿದ್ದ ಸೌಟು ನಿಂತುಬಿಡುತ್ತಿತ್ತು. ಸದ್ದು ದೂರವಾದ ಮೇಲೆ ಮತ್ತೆ ಕಲಕುತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ಕುದುರೆಕೊರಳಿನಲ್ಲಿ ಏನಾಯಿತೆಂಬುದು ನಮ್ಮೂರು ಕಾಲ್ಡರ್ ಫೋರ್ಕಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಕುದುರೆಕೊರಳು ಎಂದರೆ ಊರಿನ ಹಿಂದಿನ ಬೆಟ್ಟದಲ್ಲಿರುವ ಒಂದು ಬೋಳು ಇಳಿಜಾರು. ಅಲ್ಲಿ ಮರವಿಲ್ಲ, ಬಂಡೆಯಿಲ್ಲ, ಕಾಲೂರಲು ಸಮ ಜಾಗವಿಲ್ಲ. ಕೆಳಗೆ ತೊರೆ, ತೊರೆಯ ದಡದಲ್ಲಿ ಆಲ್ಡರ್ ಪೊದೆಗಳು. ಇಳಿಜಾರನ್ನು ಅಡ್ಡಲಾಗಿ ದಾಟಿದರೆ ಆಚೆಗೆ ಬಿಸಿನೀರಿನ ಬುಗ್ಗೆಯ ಲಾಡ್ಜ್. ಚಳಿಗಾಲದಲ್ಲಿ ಅದಕ್ಕೆ ಬೀಗ. ಕೊಳವೆಗಳು ಹೆಪ್ಪುಗಟ್ಟದಂತೆ ನೋಡಿಕೊಳ್ಳಲು, ಚಾವಣಿಯ ಹಿಮ ಎಳೆದುಹಾಕಲು ಇರ್ಮಾಳ ಅಣ್ಣ ಟೊಯ್ವೊ ಒಬ್ಬನೇ ಅಲ್ಲಿ ಇರುತ್ತಾನೆ. ಎರಡು ವಾರಕ್ಕೊಮ್ಮೆ ಅವನಿಗೆ ಸಾಮಾನು ಮುಟ್ಟಿಸುವುದು ಇರ್ಮಾಳ ಕೆಲಸವಾಗಿತ್ತು.

ಇಂಥ ಇಳಿಜಾರನ್ನು ಅಡ್ಡ ದಾಟುವಾಗ ಸ್ಲೆಡ್ಡನ್ನು ಚಪ್ಪಟೆಯಾಗಿ ಓಡಿಸುವಂತಿಲ್ಲ. ಸವಾರ ಬೆಟ್ಟದ ಕಡೆಯ ಕಾಲುಪಟ್ಟಿಯ ಮೇಲೆ ನಿಂತು, ಹ್ಯಾಂಡಲ್ಲನ್ನು ತನ್ನತ್ತ ಎಳೆದು, ಇಡೀ ಯಂತ್ರವನ್ನು ಬೆಟ್ಟದ ಕಡೆಗೆ ವಾಲಿಸಿ ಒಂದೇ ಅಂಚಿನ ಮೇಲೆ ನಡೆಸಬೇಕು. ಆಗ ಅಂಚು ಹಿಮವನ್ನು ಕಚ್ಚಿ ಹಿಡಿಯುತ್ತದೆ. ವಾಲದಿದ್ದರೆ ಯಂತ್ರ ಮೆಲ್ಲಗೆ ಮೂತಿ ತಿರುಗಿಸಿ ಕೆಳಗೆ ಹೊರಡುತ್ತದೆ. ಇರ್ಮಾಳ ಸ್ಲೆಡ್ ಮೊದಲು ಅವಳ ಗಂಡ ಲೈಲ್‌ನದಾಗಿತ್ತು. ಅವನು ಬಾಗಿಲು ತುಂಬುವಂಥ ಆಳು. ಮೂತಿಯಡಿಯ ಎರಡು ಸ್ಕೀಗಳ, ಅಂದರೆ ಜಾರುಪಟ್ಟಿಗಳ, ನಡುವೆ ಅಂತರ ಹೆಚ್ಚಿರುವ, ಅಗಲ ಮೂತಿಯ ಆ ಯಂತ್ರವನ್ನು ಒಂದೇ ಎಳೆತಕ್ಕೆ ವಾಲಿಸುತ್ತಿದ್ದ. ಇರ್ಮಾ ಅದನ್ನು ಪ್ರತಿ ಸಲವೂ ಹಲ್ಲು ಕಚ್ಚಿಕೊಂಡೇ ವಾಲಿಸಬೇಕಿತ್ತು. ಕಳೆದ ಫೆಬ್ರವರಿಯಲ್ಲಿ ಒಂದು ಸಲ ಅದು ವಾಲಲಿಲ್ಲ. ಮೂತಿ ತೊರೆಯ ಕಡೆ ತಿರುಗಿತು. ಅವಳು ಹಾರಿಕೊಂಡಳು. ಸ್ಲೆಡ್ ಆಲ್ಡರ್ ಪೊದೆಯವರೆಗೂ ಉರುಳಿತು. ಲೈಲ್ ಇಳಿಜಾರಿನ ಈಚೆ ಅಂಚಿನಲ್ಲಿ ನಿಂತು ಅದನ್ನೆಲ್ಲ ನೋಡಿದ. ಅಂದಿನಿಂದ ಸಾಮಾನು ಒಯ್ಯುವ ಕೆಲಸ ಲೈಲ್‌ನದಾಯಿತು.

ಈ ಜನವರಿಯಲ್ಲಿ ಲೈಲ್ ಮನೆಯ ಮೆಟ್ಟಿಲ ಮೇಲಿನ ಮಂಜುಗಡ್ಡೆಯಲ್ಲಿ ಜಾರಿ ಭುಜ ಮುರಿದುಕೊಂಡ. ಅದೇ ವಾರ, ಬುಧವಾರ ಸಂಜೆ, ಮನೆಯ ರೇಡಿಯೊದಲ್ಲಿ ಟೊಯ್ವೊನ ದನಿ ಬಂತು. ಅವನು ತಂಗಿಯನ್ನು ಅಜ್ಜಿಯ ಫಿನ್ನಿಷ್ ಮಾತಿನಲ್ಲಿ ಸಿಸ್ಕೊ ಎಂದೇ ಕರೆಯುತ್ತಾನೆ.

"ಸಿಸ್ಕೊ, ಒಂದು ಸಣ್ಣ ವಿಷಯ. ಮಾತ್ರೆ ಡಬ್ಬಿ ಬಿಸಿನೀರಿನ ಕೊಳಕ್ಕೆ ಬಿದ್ದೋಯ್ತು."

"ಯಾವ ಮಾತ್ರೆ?"

"ಎದೇದು. ಮುಚ್ಚಳ ಸರಿಯಾಗಿ ಹಾಕಿರ್ಲಿಲ್ಲ. ಎಲ್ಲಾ ಕರಗೋಯ್ತು. ಇನ್ಮೇಲೆ ಇಲ್ಲಿನ ಕಪ್ಪೆಗಳ ಎದೆ ಭಾರಿ ಗಟ್ಟಿ."

"ಕೊಳಕ್ಕೆ ಮಾತ್ರೆ ಯಾಕೋ ತಗೊಂಡೋದೆ?"

"ಸ್ನಾನ ಮಾಡ್ತಾ ನುಂಗೋಣ ಅಂತ." ಸ್ವಲ್ಪ ಹೊತ್ತು ಗರಗರ ಸದ್ದು. "ಜೇಬಲ್ಲಿ ಎರಡಿವೆ. ಅದು ಮುಗಿದ್ಮೇಲೆ ಹಿಮಬೂಟು ಕಟ್ಕೊಂಡು ನಾನೇ ನಡ್ಕೊಂಡು ಬರ್ತೀನಿ, ಶನಿವಾರ."

ಶುಕ್ರವಾರ ಬಿರುಗಾಳಿ ಬರುವುದಿತ್ತು. ಹೊಸ ಹಿಮ ಬಿದ್ದ ಮರುದಿನ ಕುದುರೆಕೊರಳಿನ ಮೇಲೆ ನಮ್ಮವರು ಯಾರೂ ಕಾಲಿಡುವುದಿಲ್ಲ. ಇಡೀ ಇಳಿಜಾರಿನ ಹಿಮವೇ ಕಳಚಿಕೊಂಡು ಕೆಳಗೆ ಹೋಗಬಹುದು. ಟೊಯ್ವೊಗೂ ಅದು ಗೊತ್ತು. ಆದರೆ ಬರುತ್ತೇನೆ ಎಂದ ಮೇಲೆ ಅವನು ಬಂದೇ ತೀರುವವನು. ಹಾಗಾಗಿ ಗುರುವಾರವೇ ಯಾರಾದರೂ ಹೋಗಬೇಕಿತ್ತು. ಊರಿನಲ್ಲಿ ಗಟ್ಟಿ ಸವಾರರೆಲ್ಲ ಪ್ರವಾಸಿಗಳನ್ನು ಕರೆದುಕೊಂಡು ಪಕ್ಕದ ಕಣಿವೆಗೆ ಹೋಗಿದ್ದರು. ಉಳಿದದ್ದು ಪೆಟ್ರೋಲ್ ಬಂಕಿನ ಗಾರ್ತ್. ಎಪ್ಪತ್ತು ದಾಟಿದ ಅವನ ಬಳಿ ಇದ್ದದ್ದು ಸಮತಟ್ಟು ದಾರಿಯಲ್ಲಷ್ಟೇ ಓಡುವ ಭಾರದ ಯಂತ್ರ.

"ಶೆರಿಫ್ ಆಫೀಸಿಗೆ ಹೇಳೋಣ, ಹೆಲಿಕಾಪ್ಟರ್ ಕಳಿಸ್ತಾರೆ," ಎಂದ ಲೈಲ್.

"ಹೆಲಿಕಾಪ್ಟರ್ ಕಂಡ್ರೆ ನಾಚಿಕೆಗೇ ಅವನ ಎದೆ ನಿಂತೋಗತ್ತೆ. ಕಾಡಲ್ಲಿ ಅಡಗಿ ಕೂರ್ತಾನೆ," ಎಂದಳು ಇರ್ಮಾ. ಎದ್ದು ಗ್ಯಾರೇಜಿಗೆ ಹೋಗಿ ದೀಪ ಹಾಕಿದಳು. ಕೊನೆಗೆ, "ಆ ಪೆಟ್ಟಿಗೆ ತೆಗಿ," ಎಂದಳು.

ಪೆಟ್ಟಿಗೆ ಗ್ಯಾರೇಜಿನ ಬೆಂಚಿನ ಕೆಳಗಿತ್ತು. ಬಿದ್ದ ಸ್ಲೆಡ್ಡನ್ನು ರಿಪೇರಿ ಮಾಡಿಸಿದಾಗ ಲೈಲ್ ತರಿಸಿದ್ದ ಕಿರಿದಾದ ಮೂತಿಯ ಬಿಡಿಭಾಗಗಳು: ಸ್ಕೀಗಳನ್ನು ಮೈಗೆ ಸೇರಿಸುವ ಗಿಡ್ಡ ತೋಳುಗಳು, ಅವಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್‌ಗಳು, ಗಿಡ್ಡ ಸ್ಟೀರಿಂಗ್ ಕಡ್ಡಿಗಳು. ಹಾಕಿದರೆ ಎರಡು ಸ್ಕೀಗಳೂ ಒಳಕ್ಕೆ ಸರಿದು, ಯಂತ್ರ ಸುಲಭವಾಗಿ ವಾಲುತ್ತದೆ. ಇರ್ಮಾ ಆ ಪೆಟ್ಟಿಗೆ ತೆರೆಯಲು ಬಿಟ್ಟಿರಲಿಲ್ಲ. ಗುಡಿಸುವಾಗ ಅದರ ಸುತ್ತ ಗುಡಿಸುತ್ತಿದ್ದಳು. ತೆರೆದರೆ ಹೋಗಬೇಕಾಗುತ್ತದೆ ಎಂಬುದು ಅವಳಿಗೆ ತಿಳಿದಿತ್ತು.

ಅಂದು ಗ್ಯಾರೇಜಿನಲ್ಲಿ ಕೈ ಅವಳದು, ಬಾಯಿ ಲೈಲ್‌ನದು. ಮೂತಿಯ ಕೆಳಗೆ ಹಳೆಯ ಟೈರ್ ಕೊಟ್ಟು ಎತ್ತಿ, ಸ್ಕೀಗಳನ್ನು ಬಿಚ್ಚಿದರು.

"ಆ ನಟ್ ಉಲ್ಟಾ ತಿರುಗಿಸ್ತಾ ಇದೀಯ."

"ಬಾಯಲ್ಲಿ ಸ್ಪ್ಯಾನರ್ ಹಿಡಿಯೋನು ಸುಮ್ನಿರು."

"ಆಲೂಗಡ್ಡೆ ಅಲ್ಲ ಕಣೇ ಅದು, ಹಂಗೆ ಚುಚ್ಚಿ ನೋಡಕ್ಕೆ. ಕಿರಿದು ಮಾಡಿದ್ರೆ ಸಮತಟ್ಟಲ್ಲಿ ಕುಡಿದವನ ಥರ ಓಲಾಡತ್ತೆ, ಗೊತ್ತಿರ್ಲಿ."

"ಸಮತಟ್ಟಲ್ಲಿ ನಾನು ಬಿದ್ದಿಲ್ಲ."

ಹಳೆಯ ಉದ್ದ ತೋಳುಗಳನ್ನು ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದರು. ಹೊಸವು ಕೂತವು. ಸ್ಕೀಗಳ ಮುಂದಿನ ತುದಿ ಹಿಂಭಾಗಕ್ಕಿಂತ ಕೂದಲೆಳೆಯಷ್ಟು ಹೊರಕ್ಕಿರಬೇಕು, ಇಲ್ಲದಿದ್ದರೆ ಯಂತ್ರ ದಾರಿ ಹಿಡಿಯುವುದಿಲ್ಲ. ಇರ್ಮಾ ಟೇಪಿನಿಂದ ಅಳೆದಳು. ಮತ್ತೆ ಅಳೆದಳು. ಲೈಲ್ ಸರಿಯಿದೆ ಎಂದ ಮೇಲೂ ಅಳೆದಳು.

"ನೋಡು," ಎಂದ ಅವನು. "ಹೆದರಿಕೊಂಡು ಮೆತ್ತಗೆ ಎಳೆಯೋದೇ ತಪ್ಪು. ಮೂತಿ ಕೆಳಗೆ ಜಾರಿದ ತಕ್ಷಣ ಪೂರ್ತಿ ಮೈ ಹಾಕಿ ಎಳಿ."

ಅವನು ಜೀವಮಾನವೆಲ್ಲ ಅಗಲ ಮೂತಿಯ ಯಂತ್ರ ಓಡಿಸಿದವನು. ಅವನಿಗೆ ಗೊತ್ತಿದ್ದನ್ನೇ ಹೇಳಿದ.

ಗುರುವಾರ ಬೆಳಗ್ಗೆ ಹೊಸ ಮಾತ್ರೆ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಇರ್ಮಾ ಹೊರಟಳು, ಜೊತೆಗೆ ಗಾರ್ತ್. ಹೊರಡುವ ಮೊದಲು ನಮ್ಮಲ್ಲಿ ಒಂದು ಪದ್ಧತಿ ಇದೆ. ಹಿಮದಡಿ ಹೂತುಹೋದರೆ ಹುಡುಕಲು ಎದೆಗೆ ಕಟ್ಟಿಕೊಳ್ಳುವ, ಸಂಕೇತ ಕಳಿಸುವ ಪುಟ್ಟ ಯಂತ್ರವಿರುತ್ತದಲ್ಲ, ಒಬ್ಬರದು ಮಾತಾಡುತ್ತಿದೆಯೇ ಎಂದು ಇನ್ನೊಬ್ಬರು ಎದುರು ನಿಂತು ಕೇಳಬೇಕು. ಗಾರ್ತ್ ತನ್ನದನ್ನು ಅವಳ ಎದೆಯ ಹತ್ತಿರ ಹಿಡಿದ. ಅದು ಕುಯ್ ಕುಯ್ ಅಂದಿತು.

"ಎದೆ ಬಡ್ಕೊಳ್ಳೋದು ಯಂತ್ರಕ್ಕಿಂತ ಜೋರಾಗಿ ಕೇಳ್ತಿದೆಯಲ್ಲೇ ಹುಡುಗಿ," ಎಂದ.

"ನಿಮ್ಮ ಕಿವಿ ಕೆಟ್ಟಿದೆ ಗಾರ್ತ್."

"ಕೆಟ್ಟಿರೋ ಕಿವಿಗೇ ಕೇಳ್ತಿದೆ, ಅದನ್ನೇ ಹೇಳ್ತಿರೋದು."

ಲೈಲ್ ಬಾಗಿಲಲ್ಲಿ ನಿಂತಿದ್ದ. ಒಂದು ಕೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿತ್ತು. ಟಾಟಾ ಮಾಡಲು ತಪ್ಪು ಕೈ ಎತ್ತಹೋಗಿ ನೋವಿನಿಂದ ಕುಗ್ಗಿದ.

ಕಾಡಿನ ದಾರಿಯಲ್ಲಿ ಸ್ಲೆಡ್ ಲೈಲ್ ಹೇಳಿದಂತೆಯೇ ಓಲಾಡಿತು. ಕೊನೆಯ ಮರಗಳ ಹತ್ತಿರ ಬಂದಾಗ ಇಬ್ಬರೂ ಇಂಜಿನ್ ಆರಿಸಿದರು. ಮುಂದೆ ಕುದುರೆಕೊರಳು. ಬಿಸಿಲು ಇನ್ನೂ ತಾಗಿರಲಿಲ್ಲ, ನೀಲಿಯಾಗಿತ್ತು. ಇಲ್ಲಿ ಇನ್ನೊಂದು ಪದ್ಧತಿ ಇದೆ, ಅದನ್ನು ಮುರಿದವರನ್ನು ನಾನು ಕಂಡಿಲ್ಲ. ಇಳಿಜಾರಿನ ಮೇಲೆ ಒಂದು ಸಲಕ್ಕೆ ಒಬ್ಬರೇ. ಇನ್ನೊಬ್ಬರು ಮರಗಳ ನಡುವೆ ನಿಂತು ಕಣ್ಣು ತೆಗೆಯದೆ ನೋಡಬೇಕು. ಹೋದವರು ಬಿದ್ದರೂ, ಕೂಗಿದರೂ, ಆಚೆ ಮುಟ್ಟುವತನಕ ನೋಡುವವರು ಹೆಜ್ಜೆ ಇಡುವಂತಿಲ್ಲ. ಹಿಮ ಕುಸಿದರೆ ಅಗೆಯಲು ಒಬ್ಬರಾದರೂ ಉಳಿದಿರಬೇಕು.

ಮುಂದಿನದನ್ನು ಇರ್ಮಾ ಹೇಳಿದಷ್ಟು, ಗಾರ್ತ್ ಕಂಡಷ್ಟು ಮಾತ್ರ ಬರೆಯುತ್ತೇನೆ.

ಅವಳು ತಡ ಮಾಡಲಿಲ್ಲ. ತಡ ಮಾಡಿದರೆ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬೆಟ್ಟ ಎಡಕ್ಕೆ. ಎಡಗಡೆಯ ಕಾಲುಪಟ್ಟಿಯ ಮೇಲೆ ನಿಂತಳು. ಅರ್ಧ ದಾರಿಯವರೆಗೆ ಸ್ಲೆಡ್ ಅಂಚಿನ ಮೇಲೆ ಚೆನ್ನಾಗಿಯೇ ನಡೆಯಿತು. ಆಗ ಗಾಳಿ ಗಟ್ಟಿ ಮಾಡಿದ್ದ ಒಂದು ತೇಪೆ ಬಂತು, ಮೂತಿ ಅಂಗೈಯಷ್ಟು ಕೆಳಗೆ ಜಾರಿತು. ಬಲಗಣ್ಣಿನ ತುದಿಯಲ್ಲಿ ಅವಳಿಗೆ ಆಲ್ಡರ್ ಪೊದೆ ಕಂಡಿತು. ಕಳೆದ ವರ್ಷದ ಅದೇ ಪೊದೆ. ಅವಳು ಕೂಗಿಕೊಂಡು, ಇಡೀ ಮೈ ಹಾಕಿ, ಅಗಲ ಮೂತಿಯ ಯಂತ್ರವನ್ನು ಎಳೆಯುವಂತೆ ಹ್ಯಾಂಡಲ್ಲನ್ನು ಎಳೆದಳು.

ಕಿರಿದು ಮಾಡಿದ ಸ್ಲೆಡ್ಡಿಗೆ ಅಷ್ಟು ಎಳೆತ ಬೇಕಿರಲಿಲ್ಲ. ಅದು ಎದ್ದು ಬೆಟ್ಟದ ಕಡೆಗೇ ಮಗುಚಿಕೊಂಡು ಅವಳ ಮೇಲೆ ಬಿತ್ತು. ಸವಾರ ಬಿದ್ದರೆ ಇಂಜಿನ್ ಆರಲೆಂದು ಜಾಕೆಟ್ಟಿಗೆ ಸಿಕ್ಕಿಸಿದ್ದ ದಾರ ಕಿತ್ತು ಬಂದು ಇಂಜಿನ್ ನಿಂತಿತು. ಆಮೇಲೆ ಸದ್ದೇ ಇಲ್ಲ.

ಗಾರ್ತ್‌ಗೆ ಕಂಡದ್ದು ಸ್ಲೆಡ್ಡಿನ ಹೊಟ್ಟೆ ಮಾತ್ರ. ಅವನ ಕಾಲು ಒಂದು ಹೆಜ್ಜೆ ಮುಂದೆ ಹೋಗಿತ್ತಂತೆ. ಅದನ್ನು ಹಿಂದಕ್ಕೆ ಎಳೆದುಕೊಂಡು, ಪಕ್ಕದ ಮರವನ್ನು ತಬ್ಬಿಕೊಂಡು, ಕೈರೇಡಿಯೊ ಒತ್ತಿದ.

"ಇರ್ಮಾ. ಏನಾದ್ರೂ ಹೇಳು. ಬೈದ್ರೂ ಪರವಾಗಿಲ್ಲ."

ಗುಂಡಿ ಬಿಟ್ಟು ಮತ್ತೆ ಒತ್ತಿದ.

"ಇರ್ಮಾ, ನೀನು ಮಾತಾಡ್ದೆ ಇದ್ರೆ ನಾನು ಬರ್ತೀನಿ. ನಾನು ಬಂದ್ರೆ ಇಬ್ರೂ ಹೋಗ್ತೀವಿ."

"ಬರಬೇಡಿ." ಅವಳ ದನಿ ಪಿಸುಮಾತಿನಷ್ಟಿತ್ತು. ಜೋರಾಗಿ ಮಾತಾಡಿದರೆ ಹಿಮ ಕೇಳಿಸಿಕೊಳ್ಳುತ್ತದೆ ಎಂಬಂತೆ. "ಕಾಲು ಕೆಳಗೆ ಸಿಕ್ಕಿದೆ. ನೋವಿಲ್ಲ. ಅಲ್ಲಾಡಕ್ಕೆ ಹೆದರಿಕೆ."

"ಸ್ಲೆಡ್ ಜಾರ್ತಾ ಇದೆಯಾ?"

ಅವಳು ಅದನ್ನು ನೋಡಿರಲೇ ಇಲ್ಲ. ಕಣ್ಣು ಮುಚ್ಚಿಕೊಂಡಿದ್ದಳು. ತೆರೆದು ನೋಡಿದರೆ, ಕಾಲುಪಟ್ಟಿ ಮತ್ತು ಒಂದು ಸ್ಕೀ ಹಿಮದಲ್ಲಿ ಆಳವಾಗಿ ಹೂತಿದ್ದವು. ಯಂತ್ರ ಬೆಟ್ಟಕ್ಕೇ ಒರಗಿ ಮಲಗಿತ್ತು. ಕಳೆದ ಸಲ ಅದು ಅವಳನ್ನು ಬಿಟ್ಟು ಕೆಳಗೆ ಹೋಗಿತ್ತು. ಈ ಸಲ ಮೇಲಕ್ಕೆ ಬಿದ್ದಿತ್ತು.

"ಇಲ್ಲ," ಎಂದಳು. "ನಿಂತಿದೆ."

"ಹಂಗಾದ್ರೆ ತೋಡು. ನಿಧಾನಕ್ಕೆ. ಶಾಲೆ ಮಕ್ಕಳ ಊಟ ಇವತ್ತು ಬೇರೆಯವರು ನೋಡ್ಕೋತಾರೆ."

ಅವಳು ಕೈಯಲ್ಲೇ ತೋಡಿದಳು. ಪ್ರತಿ ಹಿಡಿ ಹಿಮ ತೆಗೆದಾಗಲೂ ಅದು ಕಣಕಣವಾಗಿ ತೊರೆಯ ಕಡೆಗೆ ಉರುಳುವುದು ಕೇಳುತ್ತಿತ್ತು. ಒಮ್ಮೆ ಕೆಳಗೆಲ್ಲೋ ಧಪ್ ಎಂದು ಹಿಮ ಕೂತ ಸದ್ದಾಯಿತು. ಇಬ್ಬರೂ ಉಸಿರು ಬಿಡಲಿಲ್ಲ. ಏನೂ ಆಗಲಿಲ್ಲ. ಕಾಲು ಹೊರಗೆ ಬಂತು. ಬೂಟು ಒಳಗೇ ಉಳಿದಿತ್ತು, ಅದನ್ನೂ ಎಳೆದುಕೊಂಡು ಹಾಕಿಕೊಂಡಳು.

ಆಮೇಲೆ ಸ್ಲೆಡ್ಡನ್ನು ಎತ್ತಬೇಕಿತ್ತು. ಲೈಲ್‌ನ ಯಂತ್ರ ಮಗುಚಿದರೆ ಅವಳಿಗೆ ಎಂದೂ ಒಬ್ಬಳೇ ಎತ್ತಲು ಆಗಿರಲಿಲ್ಲ. ಅವಳು ಹ್ಯಾಂಡಲ್ಲಿಗೆ ಭುಜ ಕೊಟ್ಟು, ಹೆದರುತ್ತಲೇ, ಬರೀ ಪರೀಕ್ಷಿಸಲೆಂದು ಒಮ್ಮೆ ಒತ್ತಿದಳು. ಅದು ಎದ್ದುಬಿಟ್ಟಿತು. ಅಷ್ಟು ಸುಲಭಕ್ಕೆ ಎದ್ದದ್ದೇ ಅವಳಿಗೆ ಇನ್ನೊಂದು ಭಯವಾಯಿತು. ಆಚೆಗೆ ಹೊರಳಿ ಹೊರಟೀತೆಂದು ಹ್ಯಾಂಡಲ್ಲನ್ನು ಹಿಡಿದಳು. ಅದು ಎರಡು ಬೆರಳಿಗೆ ಮಾತ್ರ ಸಿಕ್ಕಿತು. ಆ ಎರಡು ಬೆರಳ ಎಳೆತಕ್ಕೇ ಅದು ಅಂಚಿನ ಮೇಲೆ ನಿಂತಿತು.

"ಗಾರ್ತ್," ಎಂದಳು ರೇಡಿಯೊದಲ್ಲಿ. "ಲೈಲ್ ಹೇಳಿದ್ದು ತಪ್ಪು."

"ಅದೇನು ಹೊಸದಲ್ಲವಲ್ಲ."

ದಾರ ಮತ್ತೆ ಸಿಕ್ಕಿಸಿ, ಇಂಜಿನ್ ಶುರು ಮಾಡಿ, ಉಳಿದ ಅರ್ಧವನ್ನು ಅವಳು ಎರಡು ಬೆರಳಲ್ಲಿ ದಾಟಿದಳು. ಎಡಗೈಯ ಉಳಿದ ಬೆರಳುಗಳನ್ನು ಅಂಗೈಯೊಳಗೆ ಮಡಚಿಟ್ಟಿದ್ದಳು. ಬಿಟ್ಟರೆ ಅವು ಹೆದರಿ ಎಳೆದುಬಿಡುತ್ತವೆ ಎಂಬ ಭಯ ಅವಳಿಗಿತ್ತು.

ಲಾಡ್ಜಿನ ಬಾಗಿಲಲ್ಲಿ ಟೊಯ್ವೊ ಗಡ್ಡದ ತುಂಬ ಹಿಮ ಇಟ್ಟುಕೊಂಡು ನಿಂತಿದ್ದ.

"ಏನ್ ಸಿಸ್ಕೊ, ಇಷ್ಟೊತ್ತು? ದಾರೀಲಿ ಮಲಗಿದ್ಯಾ?"

"ಹೂಂ, ಸ್ವಲ್ಪ ಹೊತ್ತು ಮಲಗಿದ್ದೆ," ಎಂದಳು. ಮಾತ್ರೆ ಕೊಡಲು ಹೋದರೆ ಮಡಚಿದ ಬೆರಳು ಬಿಚ್ಚಲಿಲ್ಲ. ಟೊಯ್ವೊ ಆಗ ತಮಾಷೆ ನಿಲ್ಲಿಸಿದ. ಅವಳನ್ನು ಒಲೆಯ ಹತ್ತಿರ ಕೂರಿಸಿ, ಒಂದೊಂದೇ ಬೆರಳನ್ನು ಹಿಡಿದು ಬಿಡಿಸಿದ. ಮಾತ್ರೆ ನುಂಗಿದ. ಅವಳು ತಂದಿದ್ದ ಏಲಕ್ಕಿ ಹಾಕಿದ ಪುಲ್ಲ ಬ್ರೆಡ್ಡನ್ನು ಮುರಿದು ಅವಳಿಗೂ ಕೊಟ್ಟ.

"ವಾಪಸ್ ಹೋಗ್ವಾಗ ಬೆಟ್ಟ ಬಲಗಡೆ ಬರತ್ತೆ," ಎಂದಳು. "ಬಲಗೈ ಬೆರಳಿಗೆ ಇದಿನ್ನೂ ಗೊತ್ತಿಲ್ಲ."

"ಇಲ್ಲೇ ಇರು. ಬಿರುಗಾಳಿ ಹೋದ್ಮೇಲೆ ಹೋಗುವಂತೆ."

"ಲೈಲ್ ಒಬ್ನೇ ಕೂತಿದಾನೆ. ಬೆಟ್ಟದಾಚೆ ಕೈರೇಡಿಯೊ ಕೇಳಲ್ಲ. ನಾನು ಬಿದ್ದಿದ್ದೂ ಗೊತ್ತಿಲ್ಲ, ಎದ್ದಿದ್ದೂ ಗೊತ್ತಿಲ್ಲ."

"ರೇಡಿಯೊ ಇಲ್ಲಿದೆ. ಹೇಳು."

ಅವಳು ಹೇಳಿದಳು. ಆಚೆಯಿಂದ ಲೈಲ್‌ನ ದನಿ ಬರುವವರೆಗೂ ನಿಂತೇ ಇದ್ದಳು. ಅವನು ಏನೋ ಹೇಳಲು ಹೊರಟು ಮೂಗೊರೆಸಿಕೊಂಡದ್ದು ಕೇಳಿಸಿತು. ಕಾಫಿ ಕುಡಿಯದೆ ಹೊರಟಳು. ಹೊರಗೆ ಗಾಳಿ ಇನ್ನೂ ಎದ್ದಿರಲಿಲ್ಲ. ಇಳಿಜಾರಿನ ಅಂಚಿಗೆ ಬಂದಾಗ ಆಚೆ ಗಾರ್ತ್ ಅದೇ ಮರದ ಪಕ್ಕದಲ್ಲಿದ್ದ. ಕೈ ಎತ್ತಿದ. ಅವಳು ಎರಡನ್ನು ಬಿಟ್ಟು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಒಳಗೆ ಮಡಚಿದಳು.

ಮಾರ್ಚಿನಲ್ಲಿ ಲೈಲ್‌ನ ಭುಜ ಸರಿಹೋಯಿತು. ಅಲ್ಲಿಯವರೆಗೆ ಇರ್ಮಾಳೇ ಹೋಗುತ್ತಿದ್ದಳು. ಹೋಗುವ ದಿನ ಬೆಳಗ್ಗೆ ಏನೂ ತಿನ್ನುತ್ತಿರಲಿಲ್ಲ. ಸ್ಲೆಡ್ಡಿನ ಸದ್ದಿಗೆ ಅವಳ ಸೌಟು ಈಗಲೂ ನಿಲ್ಲುತ್ತದೆ.

ಒಂದು ದಿನ ಗ್ಯಾರೇಜಿನಲ್ಲಿ ಲೈಲ್ ಗೋಡೆಯ ಮೊಳೆಯಿಂದ ಹಳೆಯ ಉದ್ದ ತೋಳುಗಳನ್ನು ಇಳಿಸಿದ.

"ಕೈ ಸರಿಹೋಯ್ತು ಕಣೇ. ಇನ್ನು ನಾನೇ ಹೋಗ್ತೀನಿ. ಮತ್ತೆ ಅಗಲ ಮಾಡ್ಲಾ?"

ಇರ್ಮಾ ತಕ್ಷಣ ಹೂಂ ಅನ್ನಲು ಬಾಯಿ ತೆರೆದಳಂತೆ. ಹೂಂ ಎಂದಿದ್ದರೆ ಅವಳು ಮತ್ತೆ ಕುದುರೆಕೊರಳಿಗೆ ಹೋಗಬೇಕಿರಲಿಲ್ಲ.

"ಅದನ್ನ ಮೊಳೆಗೇ ಹಾಕು," ಎಂದಳು. "ನಿನಗೆ ಬೇಕಿದ್ರೆ ಬೇರೆ ಸ್ಲೆಡ್ ತಗೋ. ಇದು ನನ್ನ ಅಳತೇದು."