ರೆಕ್ಸಿನ್ ಫೈಲಿನಲ್ಲಿ ಉಳಿದ ಲಕೋಟೆ

ಎಪ್ಪತ್ತರ ದಶಕದಲ್ಲಿ ಬಿ.ಎಸ್ಸಿ. ಮುಗಿಸಿ ಒಂದೂವರೆ ವರ್ಷ ನಾನು ಬಲು ಶ್ರದ್ಧೆಯಿಂದ ಕೆಲಸ ಹುಡುಕಿದೆ. ರಾಜಾಜಿನಗರದ ವಾಚನಾಲಯದಲ್ಲಿ ಬೆಳಿಗ್ಗೆ ಪತ್ರಿಕೆ ಬಿಚ್ಚುವ ಮೊದಲ ಕೈ ನನ್ನದೇ. ಮಧ್ಯಾಹ್ನ ಅರ್ಜಿಯ ಕರಡು, ಸಂಜೆ ಆ ಕರಡಿನ ತಿದ್ದುಪಡಿ. ಅಪ್ಪ ಮೇ ತಿಂಗಳಿಗೆ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಮನೆಯಲ್ಲಿ ಇನ್ನೊಬ್ಬರು ದುಡಿಯಲೇಬೇಕಿತ್ತು.

ಪಿಯುಸಿ ಮುಗಿಸಿ ಟೈಪಿಂಗ್ ಕಲಿಯುತ್ತಿದ್ದ ತಂಗಿಗೆ ನನ್ನ ಅರ್ಜಿಗಳೇ ಅಭ್ಯಾಸಪಾಠ. ಜೆರಾಕ್ಸ್ ಇಲ್ಲದ ಕಾಲ. ಅಂಕಪಟ್ಟಿಯ ಪ್ರತಿಗಳನ್ನೂ ಅವಳೇ ಟೈಪ್ ಮಾಡುತ್ತಿದ್ದಳು. ಅವುಗಳಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ನಮ್ಮ ಬ್ಲಾಕಿನಲ್ಲಿದ್ದವರು ಒಬ್ಬರೇ, ಪಶುವೈದ್ಯರು. ಭಾನುವಾರ ಅವರ ಎಣ್ಣೆಸ್ನಾನ ಮುಗಿಯುವತನಕ ಜಗುಲಿಯಲ್ಲಿ ಕಾದು, ಇಪ್ಪತ್ತು ಪ್ರತಿಗಳಿಗೆ ಹಸಿರು ಶಾಯಿಯ ಸಹಿ ಹಾಕಿಸಿಕೊಂಡು ಬರುವಾಗ ಅರ್ಧ ಕೆಲಸ ಸಿಕ್ಕೇಬಿಟ್ಟಂತೆ ಎದೆ ಉಬ್ಬುತ್ತಿತ್ತು. ಎಲ್ಲವನ್ನೂ ರೆಕ್ಸಿನ್ ಫೈಲಿಗೆ ಸೇರಿಸುತ್ತಿದ್ದೆ. ಅರ್ಜಿಗಳಿಗೆ ನನ್ನ ಸಹಿಯನ್ನೂ ಮಾಡಿ ಇಡುತ್ತಿದ್ದೆ. ಅಂಚೆಗೆ ಮಾತ್ರ ಹಾಕುತ್ತಿರಲಿಲ್ಲ. ಮನೆಯವರು ಹಾಕುತ್ತಿದ್ದೇನೆಂದೇ ತಿಳಿದಿದ್ದರು. ಭಾಷೆ ಇನ್ನೂ ಸ್ವಲ್ಪ ತಿದ್ದಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ಕಳಿಸದ ಅರ್ಜಿಯನ್ನು ಯಾರೂ ತಿರಸ್ಕರಿಸಲಾರರು.

ಮಾರ್ಚಿನಲ್ಲಿ ತಂಗಿ ತನ್ನದೂ ಒಂದು ಲಕೋಟೆ ತಂದುಕೊಟ್ಟಳು, ಟೈಪಿಸ್ಟ್ ಹುದ್ದೆಗೆ.

"ಹೇಗೂ ಪೋಸ್ಟಾಫೀಸಿಗೆ ಹೋಗ್ತೀಯಲ್ಲ, ಇದನ್ನೂ ಹಾಕ್ಬಿಡೋ."

"ನಾಳೆ ನಂದೂ ಇದೆ, ಒಟ್ಟಿಗೆ ಹಾಕ್ತೀನಿ ಬಿಡೇ," ಎಂದೆ.

ಏಪ್ರಿಲ್ ಕೊನೆಗೆ ಕಾರ್ಖಾನೆಯೊಂದರಿಂದ ನನಗೆ ಸಂದರ್ಶನದ ಪತ್ರ ಬಂತು. ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ನಾನು ಹಿತ್ತಲಿಗೆ ಹೋಗಿ, ಬಟ್ಟೆ ಹಿಂಡುತ್ತಿದ್ದ ತಂಗಿಯನ್ನು ಕೇಳಿದೆ, "ನನ್ನ ಅರ್ಜೀನ ಯಾರೇ ಕಳಿಸಿದ್ದು?"

"ನಾನೇ," ಎಂದಳು. "ನನಗೆ ಉತ್ತರಾನೇ ಬರ್ಲಿಲ್ವಲ್ಲ ಅಂತ ನಿನ್ನ ಫೈಲ್ ತೆಗೆದು ನೋಡ್ದೆ. ನನ್ನ ಲಕೋಟೆ ಅಲ್ಲೇ ಇತ್ತು ಕಣೋ. ಅದರ ಕೊನೇ ದಿನ ಮುಗಿದುಹೋಗಿತ್ತು. ಈ ನಿನ್ನ ಅರ್ಜಿಗೆ ಇನ್ನೂ ನಾಲ್ಕು ದಿನ ಇತ್ತು, ಹಾಕ್ಬಂದೆ."

ಮುಖ ಎತ್ತಲಾರದಷ್ಟು ನಾಚಿಕೆಯಾಯಿತು. ಅವಳು ಬಟ್ಟೆ ಹರವಿದಳು.

ಕೆಲಸ ಸಿಕ್ಕಿತು. ನೋಡಲು ಬಂದ ಬೀದಿಯವರಿಗೆಲ್ಲ ಅಪ್ಪ, "ಯಾರ ಹಂಗೂ ಇಲ್ಲದೆ ಸ್ವಂತ ಪ್ರಯತ್ನದಿಂದ ಗಿಟ್ಟಿಸ್ಕೊಂಡ," ಎಂದು ಹೇಳಿದರು. ತಂಗಿ ಎಲ್ಲರಿಗೂ ಕಾಫಿ ಕೊಟ್ಟಳು. ವಾಕ್ಯ ತಿದ್ದುವುದರಲ್ಲಿ ನಾನು ಎತ್ತಿದ ಕೈ. ಅಪ್ಪನ ಆ ಒಂದು ವಾಕ್ಯವನ್ನು ಮಾತ್ರ ತಿದ್ದಲಿಲ್ಲ.